ಪಟ್ಟೆ ಬಿಗಿಸಿದರೆ ಭಾರ ಹೊತ್ತೀತೆ?

ಗುಬ್ಬಿ ಕಡೆಯ ತೋಟಗಳಲ್ಲಿ ಪಿಕಪ್ ಗಾಡಿಗೆ ತೆಂಗಿನಕಾಯಿ ತುಂಬುವಾಗ ಕಿವಿಗೆ ಬೀಳುವ ಮಾತು ಇದು.

"ಇನ್ನೈದು ಚೀಲ ಹಾಕ್ಕೊಳ್ಳಯ್ಯ, ಬಾಡಿಗೆ ಒಂದೇ ಅಲ್ವಾ?"

"ಹಾಕಿ ಅಣ್ಣ, ಹಿಂದ್ಗಡೆ ಎರಡು ಪಟ್ಟೆ ಜಾಸ್ತಿ ಬಿಗಿಸಿದೀನಿ. ಏನೂ ಆಗಲ್ಲ."

ಏನೂ ಆಗಲ್ಲವೆ? ಸ್ವಲ್ಪ ಲೆಕ್ಕ ಹಾಕೋಣ ಬನ್ನಿ.

ಗಾಡಿಯ ಆರ್‌ಸಿಯಲ್ಲಿ ಖಾಲಿ ತೂಕ, ಒಟ್ಟು ತೂಕ ಎರಡೂ ಇರುತ್ತವೆ. ಒಂದರಲ್ಲಿ ಇನ್ನೊಂದು ಕಳೆದರೆ ಉಳಿದದ್ದೇ ಹೊರಬಹುದಾದ ಭಾರ. ಖಾಲಿ ತೂಕ 1,700 ಕೆಜಿ, ಒಟ್ಟು 2,900 ಅಂತಿಟ್ಟುಕೊಳ್ಳಿ. ಉಳಿದದ್ದು 1,200. ಕಾನೂನಿನ ಪ್ರಕಾರ ಖಾಲಿ ತೂಕದಲ್ಲಿ ಡ್ರೈವರ್, ಕ್ಲೀನರ್ ಸೇರಿಲ್ಲ. ಅವರಿಬ್ಬರಿಗೆ 140 ಕಳೆಯಿರಿ. ಮಾಲಿಗೆ ಸಿಕ್ಕಿದ್ದು 1,060. ಸುಲಿದ ಕಾಯಿ ಅರ್ಧ ಕೆಜಿ ಅಂದರೂ 2,120 ಕಾಯಿ, ಅಷ್ಟೆ. ಮೂರು ಸಾವಿರ ತುಂಬಿದಿರೋ, 440 ಕೆಜಿ ಹೆಚ್ಚಾಯಿತು!

ಪಟ್ಟೆ ಸೇರಿಸಿದರೆ ಕಮಾನು ಗಟ್ಟಿಯಾಗುತ್ತದೆ, ನಿಜ. ಆದರೆ ಆಕ್ಸಲ್, ಬೇರಿಂಗ್, ಟೈರು, ಬ್ರೇಕು ಹಳೆಯವೇ ತಾನೆ? ಗಾಡಿಯ ಮಿತಿ ಇರುವುದು ಅದರ ಗಟ್ಟಿ ಭಾಗದಲ್ಲಲ್ಲ, ಸೋಲುವ ಭಾಗದಲ್ಲಿ. ಹಿಂಭಾಗ ಕುಸಿದರೆ 'ಸಾಕು' ಎಂದು ಗಾಡಿಯೇ ಹೇಳುತ್ತಿತ್ತು. ಹೆಚ್ಚುವರಿ ಪಟ್ಟೆ ಅದರ ಬಾಯಿ ಮುಚ್ಚಿಸುತ್ತದೆ, ಭಾರ ಇಳಿಸುವುದಿಲ್ಲ. ಖಾಲಿ ಓಡುವಾಗ ಹಿಂದಿನ ಚಕ್ರ ಕುಪ್ಪಳಿಸಿ ರಸ್ತೆಯ ಹಿಡಿತ ತಪ್ಪುವುದು ಬೇರೆ.

ಹಿಂದಿನ ಆಕ್ಸಲ್ಲಿನಿಂದಾಚೆಗೆ, ಬಾಗಿಲಿನ ತನಕ ಪೇರಿಸಿದರೆ ಮೂತಿ ಮೇಲೇಳುತ್ತದೆ. ಸ್ಟೇರಿಂಗ್ ಹಗುರ, ಹೆಡ್‌ಲೈಟು ಎದುರಿನವನ ಕಣ್ಣಿಗೆ.

ಬಸ್ಸಿನಲ್ಲಿ ಓಡಾಡುವವರಿಗೇನು ಸಂಬಂಧ ಅನ್ನಬೇಡಿ. ತುಮಕೂರು-ಕುಣಿಗಲ್ ರಸ್ತೆಯಲ್ಲಿ ಬಸ್ಸು ಜನ ಹತ್ತಿಸಲು ನಿಂತಿದೆ, ಹಿಂದೆ ಇಂಥದ್ದೊಂದು ಗಾಡಿ ಬರುತ್ತಿದೆ. ಭಾರ ಒಂದೂವರೆ ಪಟ್ಟಾದರೆ ಅದೇ ವೇಗದಲ್ಲಿ ನಿಲ್ಲಿಸಲು ಬ್ರೇಕಿನ ಕೆಲಸವೂ ಒಂದೂವರೆ ಪಟ್ಟು. ಕಾದ ಬ್ರೇಕು ಹಿಡಿಯದಿದ್ದರೆ ಪೆಟ್ಟು ಯಾರಿಗೆ? ಹಿಂದಿನ ಸೀಟಿನವರಿಗೆ.

ಅಂಗಡಿ ಯಜಮಾನರೂ ಕೇಳಿ. 2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿರುವ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಹೆಚ್ಚಿನ ಮಾಲು ಇಳಿಸದೆ ಗಾಡಿ ಬಿಡುವಂತಿಲ್ಲ. ಓಡಿಸಿದವನಷ್ಟೇ ಅಲ್ಲ, ಓಡಿಸಲು ಕಾರಣನಾದವನೂ ಹೊಣೆ. 'ಇನ್ನೈದು ಚೀಲ' ಅಂದವರು ಇದನ್ನು ನೆನಪಿಡಬೇಕು.

ದಾರಿ ದೊಡ್ಡದೇನಲ್ಲ. ಆರ್‌ಸಿ ನೋಡಿ, ವೇಬ್ರಿಡ್ಜ್ ಚೀಟಿ ತಗೊಳ್ಳಿ, ಭಾರವನ್ನು ಹಿಂದಿನ ಆಕ್ಸಲ್ಲಿಗಿಂತ ಮುಂದಕ್ಕೆ ಪೇರಿಸಿ, ಮಿಕ್ಕಿದ್ದಕ್ಕೆ ಇನ್ನೊಂದು ಟ್ರಿಪ್ಪು ಹೊಡೆಸಿ. ಬಟವಾಡಿಯ ಎಪಿಎಂಸಿ ನಾಳೆಯೂ ಅಲ್ಲೇ ಇರುತ್ತದೆ. ಕಾಯಿ ಒಂದು ದಿನ ತಡವಾಗಿ ಬಂದರೂ ಮಾರಾಟವಾಗುತ್ತದೆ, ಹೋದ ಜೀವ ಬರುವುದಿಲ್ಲ.