ಮೊದಲ ಟೆಲಿಸ್ಕೋಪ್ ಕೊಳ್ಳುವ ಮುನ್ನ

ಮಳೆಗಾಲ ಮುಗಿದು ಆಕಾಶ ತಿಳಿಯಾದರೆ ನಮ್ಮಲ್ಲಿ ನಕ್ಷತ್ರ ನೋಡುವವರಿಗೆ ಸುಗ್ಗಿ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಕೃತ್ತಿಕೆ, ರೋಹಿಣಿ, ಮೃಗಶಿರಗಳನ್ನು ರಾತ್ರಿ ಊಟದ ಹೊತ್ತಿಗೇ ತಲೆಯೆತ್ತಿ ನೋಡಬಹುದು. ಈ ಸಲ ಟೆಲಿಸ್ಕೋಪ್ ಕೊಳ್ಳಲೇಬೇಕು ಎಂದುಕೊಂಡವರಿಗೆ ಮೊದಲ ಮಾತು: ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದ ‘525 ಪಟ್ಟು’ ಎಂಬ ಲೆಕ್ಕಕ್ಕೆ ಮರುಳಾಗಬೇಡಿ.

ಟೆಲಿಸ್ಕೋಪ್‌ನ ಮುಖ್ಯ ಕೆಲಸ ಬೆಳಕು ಹಿಡಿಯುವುದು. 6 ಇಂಚಿನ ಕನ್ನಡಿ 3 ಇಂಚಿನದಕ್ಕಿಂತ ನಾಲ್ಕು ಪಟ್ಟು ಬೆಳಕು ಹಿಡಿಯುತ್ತದೆ. ಕನ್ನಡಿ ಎಷ್ಟು ಮಿಲಿಮೀಟರ್ ಅಗಲವೋ ಅದರ ಎರಡರಷ್ಟು ಪಟ್ಟು ದೊಡ್ಡದು ಮಾಡಿದರೆ ಸಾಕು. ಅದನ್ನು ಮೀರಿದರೆ ಬಿಂಬ ಮಸುಕಾಗುತ್ತದೆ, ಅಷ್ಟೇ. ಎರಡನೆಯದು ಸ್ಟ್ಯಾಂಡ್. ಗಾಳಿಗೆ ಅಲುಗುವ ತೆಳು ಕಾಲಿನ ಸ್ಟ್ಯಾಂಡ್ ಇದ್ದರೆ ಎಂಥ ಒಳ್ಳೆಯ ಮಸೂರವೂ ವ್ಯರ್ಥ. ಅಮೆರಿಕದ ಜಾನ್ ಡಾಬ್ಸನ್ ಬಳಕೆಗೆ ತಂದ, ಪೆಟ್ಟಿಗೆಯಂಥ ಪೀಠದ ಮೇಲೆ ಕೂರುವ ಡಾಬ್ಸೋನಿಯನ್ ಮಾದರಿ ಹೊಸಬರಿಗೆ ಹೇಳಿಮಾಡಿಸಿದ್ದು. ಅಷ್ಟು ಹಣವಿಲ್ಲವೇ? 50 ಮಿಲಿಮೀಟರ್ ಮಸೂರದ, ಹತ್ತು ಪಟ್ಟಿನ ಬೈನಾಕ್ಯುಲರ್ ಕೊಳ್ಳಿ.

ಮನೆಗೆ ತಂದ ದಿನ ಹಗಲಲ್ಲೇ ಒಂದು ಕೆಲಸ ಮುಗಿಸಿ. ದೂರದ ಮೊಬೈಲ್ ಟವರ್‌ನ ತುದಿಯನ್ನು ಟೆಲಿಸ್ಕೋಪ್‌ನ ನಡುವಿಗೆ ತಂದು, ಪಕ್ಕದ ಪುಟ್ಟ ಫೈಂಡರ್‌ನಲ್ಲೂ ಅದೇ ತುದಿ ನಡುವೆ ಕಾಣುವಂತೆ ಅದರ ತಿರುಪುಗಳನ್ನು ಹೊಂದಿಸಿ. ಹೀಗೆ ಮಾಡದಿದ್ದರೆ ರಾತ್ರಿ ಒಂದು ನಕ್ಷತ್ರವನ್ನು ಹುಡುಕುವುದೂ ಕಷ್ಟ. ಆದರೆ ಸೂರ್ಯನತ್ತ ಮಾತ್ರ ಎಂದೂ ತಿರುಗಿಸಬೇಡಿ. ಕ್ಷಣಮಾತ್ರದಲ್ಲಿ ಕಣ್ಣು ಹೋಗುತ್ತದೆ.

ದಿನವಿಡೀ ಕಾದ ಕಾಂಕ್ರೀಟ್ ತಾರಸಿ ರಾತ್ರಿ ಬಹಳ ಹೊತ್ತು ಶಾಖ ಬಿಡುತ್ತಿರುತ್ತದೆ. ಆ ಬಿಸಿಗಾಳಿಯಲ್ಲಿ ಬಿಂಬ ನಡುಗುತ್ತದೆ. ಹಿತ್ತಲಿದ್ದರೆ ಮಣ್ಣಿನ ನೆಲವೇ ಮೇಲು. ನೋಡುವ ಅರ್ಧ ಗಂಟೆ ಮುಂಚೆ ಟೆಲಿಸ್ಕೋಪನ್ನು ಹೊರಗಿಟ್ಟರೆ ಕನ್ನಡಿಯೂ ತಣಿಯುತ್ತದೆ.

ಮೊದಲು ನೋಡಬೇಕಾದ್ದು ಚಂದ್ರನನ್ನು. ಹುಣ್ಣಿಮೆಯಂದಲ್ಲ, ಆಗ ನೆರಳೇ ಇಲ್ಲದೆ ಎಲ್ಲವೂ ಸಪಾಟು. ಶುಕ್ಲಪಕ್ಷದ ನವಮಿ, ದಶಮಿಯ ಹೊತ್ತಿಗೆ ಬೆಳಕು ಕತ್ತಲೆ ಕೂಡುವ ಗೆರೆಯ ಬಳಿ, ಸುಮಾರು 93 ಕಿಲೋಮೀಟರ್ ಅಗಲದ ಕೋಪರ್ನಿಕಸ್ ಕುಳಿಯನ್ನು ನೋಡಿ: ಅಂಚಿನ ಗೋಡೆ ಬೆಳಗಿದೆ, ಒಳಗೆ ಕಪ್ಪು ನೆರಳು. ಕಣ್ಣಿಟ್ಟು ನೋಡುವ ಮಸೂರ, ಅಂದರೆ ಐಪೀಸ್, 25 ಮಿಲಿಮೀಟರ್‌ನದಾದರೆ ಸಾಕು. ಬಿಂಬ ತಲೆಕೆಳಗಾಗಿದ್ದರೆ ಗಾಬರಿ ಬೇಡ, ಕನ್ನಡಿಯ ಟೆಲಿಸ್ಕೋಪ್‌ಗಳ ರೀತಿಯೇ ಅದು. ಚಂದ್ರ ಮೆಲ್ಲಗೆ ಜಾರಿಹೋಗುತ್ತಿರುವುದೂ ತಿಳಿಯುತ್ತದೆ. ಅದು ಭೂಮಿ ತಿರುಗುತ್ತಿರುವುದರ ಗುರುತು.

ಗುರು ಗ್ರಹ ಕಾಣುವ ತಿಂಗಳಾದರೆ ಅದರ ಅಕ್ಕಪಕ್ಕದ ನಾಲ್ಕು ಚುಕ್ಕಿಗಳನ್ನು ಕಾಗದದ ಮೇಲೆ ಗುರುತು ಹಾಕಿಕೊಳ್ಳಿ. ಮರುದಿನ ಅವು ಜಾಗ ಬದಲಿಸಿರುತ್ತವೆ. 1610ರ ಜನವರಿಯಲ್ಲಿ ಗೆಲಿಲಿಯೋ ಗುರುವಿನ ಉಪಗ್ರಹಗಳನ್ನು ಕಂಡುಕೊಂಡದ್ದು ಹೀಗೆ ರಾತ್ರಿಯಿಂದ ರಾತ್ರಿಗೆ ಗುರುತು ಹಾಕಿಯೇ.

ಕೊಂಡ ಟೆಲಿಸ್ಕೋಪನ್ನು ಅಟ್ಟಕ್ಕೇರಿಸಬೇಡಿ. ವಾರಕ್ಕೊಂದು ರಾತ್ರಿಯಾದರೂ ಹೊರಗೆ ತನ್ನಿ, ಬೀದಿಯ ಮಕ್ಕಳನ್ನೂ ಕರೆಯಿರಿ.