ಬೂತಾಯಿಯ ಬಂಡವಾಳ: ಎಳೆಮೀನಿನ ಲೆಕ್ಕವೂ ಕರಾವಳಿಯ ಉದ್ದಿಮೆಯೂ

ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2012ರಲ್ಲಿ ಕೇರಳದ ಬಂದರುಗಳಲ್ಲಿ ಇಳಿದ ಬೂತಾಯಿ ಮೀನಿನ ಪ್ರಮಾಣ ಸುಮಾರು 3.9 ಲಕ್ಷ ಟನ್. 2021ರಲ್ಲಿ ಅದು 3,300 ಟನ್ನಿಗೂ ಕಡಿಮೆ. ಒಂಬತ್ತು ವರ್ಷಗಳಲ್ಲಿ ನೂರು ಪಾಲಿನಲ್ಲಿ ಒಂದು ಪಾಲೂ ಉಳಿಯಲಿಲ್ಲ. ಕಚ್ಚಾ ಸಾಮಗ್ರಿಯ ಪೂರೈಕೆ ಈ ಪರಿ ಕುಸಿದರೆ ತಾಳಿಕೊಳ್ಳಬಲ್ಲ ಉದ್ದಿಮೆ ಯಾವುದಿದ್ದೀತು?

ಇದು ನೆರೆರಾಜ್ಯದ ಸಂಗತಿಯೆಂದು ಕರ್ನಾಟಕದ ಉದ್ದಿಮೆದಾರರು ಸುಮ್ಮನಿರುವಂತಿಲ್ಲ. ದಕ್ಷಿಣ ಕನ್ನಡದಲ್ಲಿ ಬೂತಾಯಿಯೆಂದೂ ಉತ್ತರ ಕನ್ನಡದಲ್ಲಿ ತಾರ್ಲೆಯೆಂದೂ ಕರೆಯಲ್ಪಡುವ ಈ ಮೀನಿಗೆ ರಾಜ್ಯದ ಗಡಿಯ ಹಂಗಿಲ್ಲ. ಮಂಗಳೂರು, ಉಳ್ಳಾಲ, ಮಲ್ಪೆಗಳ ಮೀನೆಣ್ಣೆ ಹಾಗೂ ಫಿಶ್‌ಮೀಲ್ ಕಾರ್ಖಾನೆಗಳು, ಐಸ್ ಪ್ಲಾಂಟ್‌ಗಳು, ಬಲೆ ಹಾಗೂ ಡೀಸೆಲ್ ವ್ಯಾಪಾರಿಗಳು, ಲಾರಿ ಮಾಲೀಕರು ಇವರೆಲ್ಲರ ವಹಿವಾಟು ಇಂತಹ ಸಣ್ಣ ಮೀನುಗಳನ್ನು ನೆಚ್ಚಿಕೊಂಡಿದೆ. ಮೀನು ಬಾರದಿದ್ದರೂ ಬ್ಯಾಂಕಿನ ಬಡ್ಡಿ, ಯಂತ್ರಗಳ ಸವಕಳಿ, ಕಾಯಂ ನೌಕರರ ಸಂಬಳ ನಿಲ್ಲುವುದಿಲ್ಲ.

ಮೀನಿನ ಜೀವನಕ್ರಮ

ಬೂತಾಯಿಯ ಆಯುಸ್ಸು ಸುಮಾರು ಎರಡೂವರೆ ವರ್ಷ. ಮೊದಲ ವರ್ಷದ ಕೊನೆಗೆ ಸುಮಾರು 15 ಸೆಂಟಿಮೀಟರ್ ಉದ್ದವಾಗಿ ಪ್ರಾಯಕ್ಕೆ ಬರುತ್ತದೆ. ನೈಋತ್ಯ ಮುಂಗಾರಿನ ಕಾಲದಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮುಖ್ಯವಾಗಿ ಮೊಟ್ಟೆಯಿಡುತ್ತದೆ. ಆಗ ಆಳದ ತಂಪು ನೀರು ಪೋಷಕಾಂಶಗಳೊಡನೆ ಮೇಲಕ್ಕೇರಿ, ಬರಿಗಣ್ಣಿಗೆ ಕಾಣದ ತೇಲುಸಸ್ಯಗಳು ಸಮೃದ್ಧವಾಗುತ್ತವೆ. ಬೂತಾಯಿಗೆ ಅವೇ ಪ್ರಧಾನ ಆಹಾರ. ಮಳೆ, ಗಾಳಿ, ನೀರಿನ ಶಾಖ ಇವುಗಳಲ್ಲಿ ಏರುಪೇರಾದರೆ ಆ ವರ್ಷದ ಸಂತತಿಯೂ ಏರುಪೇರಾಗುತ್ತದೆ.

ಈ ತಿಳಿವಳಿಕೆ ಒಂದೆರಡು ವರ್ಷಗಳಲ್ಲಿ ದೊರೆತದ್ದಲ್ಲ. ಮದರಾಸು ಮೀನುಗಾರಿಕಾ ಇಲಾಖೆಯ ಜೇಮ್ಸ್ ಹಾರ್ನೆಲ್ 1920ರ ದಶಕದಲ್ಲೇ ಈ ಮೀನಿನ ಜೀವನಕ್ರಮವನ್ನು ಅಭ್ಯಸಿಸಿದ್ದರು. 1947ರಲ್ಲಿ ಆರಂಭವಾದ ಕೇಂದ್ರೀಯ ಸಂಸ್ಥೆಯು ಮಂಗಳೂರಿನಲ್ಲಿಯೂ ಕೇಂದ್ರವನ್ನು ಹೊಂದಿದ್ದು, ಅದರ ಸಿಬ್ಬಂದಿ ಧಕ್ಕೆಗಳಲ್ಲಿ ಮಾದರಿ ಮೀನುಗಳ ಉದ್ದ ಹಾಗೂ ತೂಕವನ್ನು ಅಳೆಯುತ್ತಾರೆ. ಹೊಟ್ಟೆಯೊಳಗಿನ ಆಹಾರವನ್ನೂ ಮೊಟ್ಟೆಯ ಬೆಳವಣಿಗೆಯನ್ನೂ ಪರಿಶೀಲಿಸುತ್ತಾರೆ. ವರ್ತಕನು ವರ್ಷಾಂತ್ಯದಲ್ಲಿ ದಾಸ್ತಾನು ಎಣಿಸುವಂತೆ ಇದು ಕಡಲಿನ ದಾಸ್ತಾನಿನ ಎಣಿಕೆ. ವ್ಯತ್ಯಾಸವೆಂದರೆ ಈ ಉಗ್ರಾಣದೊಳಗೆ ಯಾರೂ ಇಣುಕಿ ನೋಡಲಾರರು. ಹೊರಗೆ ಬಂದ ಸರಕಿನಿಂದಲೇ ಒಳಗಿರುವುದನ್ನು ಅಂದಾಜು ಮಾಡಬೇಕು.

ಅಸಲು ಮತ್ತು ಬಡ್ಡಿ

ಮೀನಿನ ತೂಕ ಸ್ಥೂಲವಾಗಿ ಅದರ ಉದ್ದದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. 10 ಸೆಂಟಿಮೀಟರಿನ ಬೂತಾಯಿ 15 ಸೆಂಟಿಮೀಟರ್ ಆಗುವಾಗ ಉದ್ದ ಒಂದೂವರೆ ಪಟ್ಟಾದರೆ ತೂಕ ಮೂರು ಪಟ್ಟಿಗೂ ಹೆಚ್ಚಾಗುತ್ತದೆ. ಕೆಲವೇ ತಿಂಗಳುಗಳಲ್ಲಿ ಇಷ್ಟು ಪ್ರತಿಫಲ ನೀಡುವ ಠೇವಣಿ ಯಾವ ಬ್ಯಾಂಕಿನಲ್ಲಿಯೂ ಇಲ್ಲ. ಬಿಟ್ಟ ಎಳೆಮೀನೆಲ್ಲವೂ ಬದುಕುವುದಿಲ್ಲ, ದೊಡ್ಡ ಮೀನುಗಳ ಬಾಯಿಗೆ ಸಾಕಷ್ಟು ಹೋಗುತ್ತದೆಂಬುದು ನಿಜ. ಆದರೆ ಉಳಿದವು ತೂಕದಲ್ಲಿ ಬೆಳೆಯುವುದಲ್ಲದೆ ಮೊಟ್ಟೆಯನ್ನೂ ಇಡುತ್ತವೆ. ಬಲಿತ ಮೀನು ಊಟದ ತಟ್ಟೆಗೆ ಹೋದರೆ ಒಳ್ಳೆಯ ಬೆಲೆ. ಎಳೆಯದು ಸೇರುವುದು ಫಿಶ್‌ಮೀಲ್ ಕಾರ್ಖಾನೆಯನ್ನು. ಅಲ್ಲಿ ಒಂದು ಕಿಲೋ ಪುಡಿಗೆ ನಾಲ್ಕೈದು ಕಿಲೋ ಹಸಿಮೀನು ಬೇಕು. ಎಳೆಮೀನನ್ನು ಮಾರಿ ಬಂದ ಹಣವನ್ನು ಲಾಭವೆಂದು ಬರೆದುಕೊಳ್ಳುವುದು ಅಸಲನ್ನೇ ಬಡ್ಡಿಯೆಂದು ಖರ್ಚು ಮಾಡಿದಂತೆ.

2012ರ ಅನಂತರದ ಕುಸಿತಕ್ಕೆ ವಿಜ್ಞಾನಿಗಳು ಒಂದೇ ಕಾರಣವನ್ನು ಹೇಳುವುದಿಲ್ಲ. ಎಲ್ ನಿನೊದಿಂದ ಕಡಲಿನ ಪರಿಸ್ಥಿತಿ ಪ್ರತಿಕೂಲವಾದದ್ದು ಒಂದು. ಅದಕ್ಕೆ ಮುಂಚಿನ ಸಮೃದ್ಧಿಯ ವರ್ಷಗಳಲ್ಲಿ ಮಿತಿಮೀರಿ ಹಿಡಿದದ್ದು ಇನ್ನೊಂದು. ಮೊದಲನೆಯದು ಮನುಷ್ಯನ ಕೈಯಲ್ಲಿಲ್ಲ, ಎರಡನೆಯದು ಇದೆ. ಮೀಸಲು ನಿಧಿಯಿರುವ ಸಂಸ್ಥೆ ಕೆಟ್ಟ ವರ್ಷವನ್ನು ದಾಟುತ್ತದೆ. ಕಡಲಿನಲ್ಲಿ ಆ ಮೀಸಲು ನಿಧಿಯೆಂದರೆ ಬಲಿತ ಮೀನು. 2022ರಲ್ಲಿ ಕೇರಳದ ಬೂತಾಯಿ ಮತ್ತೆ ಒಂದು ಲಕ್ಷ ಟನ್ನಿನ ಆಸುಪಾಸಿಗೆ ಬಂದಿತೆಂಬುದು ಸಮಾಧಾನದ ಸಂಗತಿ. ಅಲ್ಪಾಯುಷಿಯಾದ ಈ ಮೀನು ಅವಕಾಶ ದೊರೆತರೆ ಬೇಗ ಚೇತರಿಸಿಕೊಳ್ಳುತ್ತದೆ.

ನಿಯಮಗಳು

ಸಂಶೋಧನೆಯ ಫಲ ಕಾನೂನಿನಲ್ಲಿ ಮೂಡುವುದು ಸುಲಭವಲ್ಲ. 1943ರಲ್ಲಿಯೇ ಅಂದಿನ ಮದರಾಸು ಸರ್ಕಾರ ಬೂತಾಯಿಯನ್ನು ಉಳಿಸಲು ಕೆಲವು ಬಗೆಯ ಬಲೆಗಳ ಮೇಲೆ ನಿರ್ಬಂಧ ಹೇರಿತ್ತು. ಕೆಲವೇ ವರ್ಷಗಳಲ್ಲಿ ಅದನ್ನು ಹಿಂತೆಗೆಯಲಾಯಿತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಇದು ಮೊಟ್ಟೆಯಿಡುವ ಕಾಲದ ಒಂದು ಭಾಗವನ್ನು ಮಾತ್ರ ರಕ್ಷಿಸುತ್ತದೆ. 2015ರಲ್ಲಿ ಕೇರಳ, ಕೇಂದ್ರೀಯ ಸಂಸ್ಥೆಯ ಶಿಫಾರಸಿನ ಆಧಾರದ ಮೇಲೆ, ಹಿಡಿಯಬಹುದಾದ ಮೀನಿನ ಕನಿಷ್ಠ ಉದ್ದವನ್ನು ಗೊತ್ತುಪಡಿಸಿತು: ಬೂತಾಯಿಗೆ 10, ಬಂಗುಡೆಗೆ 14 ಸೆಂಟಿಮೀಟರ್. ಬೂತಾಯಿ ಪ್ರಾಯಕ್ಕೆ ಬರುವ ಉದ್ದಕ್ಕೆ ಹೋಲಿಸಿದರೆ ಇದು ಉದಾರವಾದ ಮಿತಿಯೇ ಸರಿ.

ಫಿಶ್‌ಮೀಲ್ ಉದ್ದಿಮೆಯಲ್ಲಿ ಜಗತ್ತಿಗೇ ಮುಂದಾಳಾದ ಪೆರು ದೇಶ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿಯಿತು. 1970ರಲ್ಲಿ ಅಲ್ಲಿ ಆಂಚೊವೆಟಾ ಎಂಬ ಪುಟ್ಟ ಮೀನು 1.2 ಕೋಟಿ ಟನ್ನಿಗೂ ಮಿಕ್ಕಿ ದೊರೆತಿತ್ತು. ಮಿತಿಮೀರಿದ ಹಿಡಿತದ ಮೇಲೆ 1972ರ ಎಲ್ ನಿನೊ ಬಂದೆರಗಿ ಉದ್ದಿಮೆಯೇ ಕುಸಿಯಿತು. ಈಗ ಅಲ್ಲಿಯ ಸಾಗರ ಸಂಶೋಧನಾ ಸಂಸ್ಥೆಯು ಪ್ರತಿ ಋತುವಿಗೆ ಮೊದಲು ಸಮೀಕ್ಷೆ ನಡೆಸುತ್ತದೆ. ಹಿಡಿಯಬೇಕಾದ ಪ್ರಮಾಣ ಅದರ ವರದಿಯನ್ನು ಅನುಸರಿಸಿ ನಿರ್ಧಾರವಾಗುತ್ತದೆ. 12 ಸೆಂಟಿಮೀಟರಿಗಿಂತ ಚಿಕ್ಕ ಮೀನು ಮಿತಿಮೀರಿ ಬಲೆಗೆ ಬಿದ್ದರೆ ಆ ಪ್ರದೇಶವನ್ನು ಕೆಲವು ದಿನ ಮುಚ್ಚುತ್ತಾರೆ. 2023ರಲ್ಲಿ ಎಳೆಮೀನಿನ ಪ್ರಮಾಣ ಹೆಚ್ಚಾಗಿ ಕಂಡದ್ದರಿಂದ ಮುಖ್ಯ ವಲಯದ ಮೊದಲ ಋತುವನ್ನೇ ರದ್ದುಪಡಿಸಿದರು. ಅಲ್ಪಕಾಲದ ನಷ್ಟ ಅಪಾರ. ಆದರೂ ಅಸಲು ಉಳಿಯಲೆಂದು ಆ ನಷ್ಟವನ್ನು ಒಪ್ಪಿಕೊಂಡರು.

ಕಾರ್ಖಾನೆಯ ಬಾಗಿಲಲ್ಲಿ

ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರವು ಉಪಗ್ರಹಗಳ ನೆರವಿನಿಂದ ಮೀನು ದೊರೆಯಬಹುದಾದ ತಾಣಗಳನ್ನು ಮೀನುಗಾರರಿಗೆ ತಿಳಿಸುತ್ತದೆ. ಮೀನು ಎಲ್ಲಿದೆಯೆಂದು ತಿಳಿಯುವುದು ಇಂದು ಕಷ್ಟವಲ್ಲ. ಎಷ್ಟನ್ನು ಬಿಡಬೇಕೆಂಬ ವಿವೇಕವೇ ಕಷ್ಟ. ನಡುಕಡಲಿನಲ್ಲಿ ಪ್ರತಿ ಬೋಟಿನ ಮೇಲೆ ಕಾವಲಿಡಲು ಯಾವ ಇಲಾಖೆಗೂ ಸಾಧ್ಯವಿಲ್ಲ. ಆದರೆ ಖರೀದಿದಾರರು ಕೆಲವರೇ. ಅವರ ಬಾಗಿಲು ದಾಟದ ಸರಕನ್ನು ಬೋಟಿನವರು ಹಿಡಿದು ತರುವ ಅಗತ್ಯವೇ ಇರುವುದಿಲ್ಲ.

ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಪ್ರತಿ ಲೋಡಿನಿಂದ ಒಂದು ಬುಟ್ಟಿ ತೆಗೆದು, ಅಳತೆಪಟ್ಟಿಯಿಟ್ಟು ನೋಡಿ, ಖರೀದಿ ಪುಸ್ತಕದಲ್ಲಿ ತೂಕ ಹಾಗೂ ದರದ ಪಕ್ಕದಲ್ಲಿ ಎಳೆಮೀನಿನ ಶೇಕಡಾವಾರು ಪ್ರಮಾಣಕ್ಕೊಂದು ಕಾಲಂ ಸೇರಿಸಿದರಾಯಿತು. ಗೊತ್ತುಪಡಿಸಿದ ಮಿತಿ ಮೀರಿದ ಲೋಡಿಗೆ ದರ ಕಡಿತ, ಇನ್ನೂ ಮೀರಿದರೆ ನಿರಾಕರಣೆ. ಒಬ್ಬರೇ ಮಾಡಿದರೆ ಸರಕು ಪಕ್ಕದ ಕಾರ್ಖಾನೆಗೆ ಹೋದೀತು; ಆದುದರಿಂದ ಎಲ್ಲರೂ ಒಟ್ಟಾಗಿ ಒಪ್ಪಬೇಕಾದ ನಿಯಮವಿದು. ಇಂತಹ ಒಪ್ಪಂದಕ್ಕೆ ವೇದಿಕೆಯಾಗುವುದು ವಾಣಿಜ್ಯ ಸಂಘಟನೆಗಳ ಸಹಜ ಕರ್ತವ್ಯ. ಹಾಗೆ ಸಂಗ್ರಹವಾದ ಅಂಕಿಅಂಶಗಳು ಸಂಶೋಧಕರಿಗೂ ನೆರವಾಗುವುದರಲ್ಲಿ ಸಂದೇಹವಿಲ್ಲ.

ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಕಡಲಿನ ಮೀನು ಯಾರ ಆಸ್ತಿಪಟ್ಟಿಯಲ್ಲಿಯೂ ಇಲ್ಲ, ಆದರೆ ಎಲ್ಲರ ಲಾಭ-ನಷ್ಟದ ತಖ್ತೆಯಲ್ಲಿಯೂ ಇದೆ. ಅದು ಬರಿದಾದ ದಿನ ಕಾರ್ಖಾನೆಯ ಕಟ್ಟಡ, ಬಾಯ್ಲರು, ಯಂತ್ರ ಎಲ್ಲವೂ ಪುಸ್ತಕದ ಮೌಲ್ಯವಾಗಿ ಮಾತ್ರ ಉಳಿಯುತ್ತವೆ.