ದಲ್ಲಾಳಿ, ಚೇಣಿದಾರ, ಕೆಲಸಗಾರ: ಯಾರು ಯಾರ ಪರ?

ಬೀರೂರು ಜಂಕ್ಷನ್‌ನಲ್ಲಿ ರೈಲು ಹಳಿ ಎರಡಾಗುತ್ತದೆ. ಒಂದು ತರೀಕೆರೆ ಕಡೆಗೆ, ಇನ್ನೊಂದು ಅಜ್ಜಂಪುರದ ಕಡೆಗೆ. ಕಡೂರು ಅದಕ್ಕೂ ಈಚೆ, ಬೆಂಗಳೂರಿನ ದಿಕ್ಕಿಗೆ. ನಮ್ಮ ಸಂಘದಲ್ಲಿ ಈ ಮೂರೂ ಊರಿನವರಿದ್ದೇವೆ, ಹಬ್ಬಕ್ಕೆ ಹೊರಟರೆ ಒಂದೇ ಬೋಗಿ. ಕಳೆದ ಸಲ ನಮ್ಮ ಸೀನಿಯರ್ ಒಬ್ಬರ ಮಾತು ಬಂತು. ಡಿಗ್ರಿ ಮುಗಿಸಿ ಕಂಪನಿಯೊಂದಕ್ಕೆ ಸೇರಿದ್ದರು. ಕೆಲಸದ ಮೇಲೆ ಬೈಕಿನಲ್ಲಿ ಹೋಗುವಾಗ ಬಿದ್ದು ಕಾಲು ಮುರಿಯಿತು. ಆಸ್ಪತ್ರೆ ಖರ್ಚು ಕೇಳಿದರೆ, "ನೀವು ನಮ್ಮ ನೌಕರರಲ್ಲ, ಪಾರ್ಟ್ನರ್" ಅಂದರಂತೆ. ಅವರು ಸಹಿ ಹಾಕಿದ ಕಾಗದದಲ್ಲೂ ಹಾಗೇ ಇತ್ತು.

ಹಾಗಾದ್ರೆ ನೌಕರ ಯಾರು, ಏಜೆಂಟ್ ಯಾರು, ಸ್ವತಂತ್ರವಾಗಿ ದುಡಿಯುವವನು ಯಾರು? ಕಾನೂನು ಓದಲು ಕೂತಾಗ ಉದಾಹರಣೆಗಳೆಲ್ಲ ನಮ್ಮೂರಲ್ಲೇ ಸಿಕ್ಕವು.

ಅಜ್ಜಂಪುರದ ಈರುಳ್ಳಿ

ನಮ್ಮ ಕಡೆಯ ಈರುಳ್ಳಿ ಲಾರಿ ಹತ್ತಿ ಯಶವಂತಪುರದ ಮಂಡಿಗೆ ಹೋಗುತ್ತದೆ. ಅಲ್ಲಿ ಮಾರಿಕೊಡುವವರು ಕಮಿಷನ್ ಏಜೆಂಟ್, ನಮ್ಮ ಮಾತಲ್ಲಿ ದಲ್ಲಾಳಿ. ಈರುಳ್ಳಿ ಅವರದ್ದಲ್ಲ, ರೈತನದ್ದು. ರೈತನ ಪರವಾಗಿ ಮೂರನೆಯವರ ಜೊತೆ ವ್ಯವಹಾರ ಮಾಡುವುದಷ್ಟೇ ಅವರ ಕೆಲಸ. 1872ರ ಭಾರತೀಯ ಕರಾರು ಕಾಯ್ದೆಯ ಹತ್ತನೇ ಅಧ್ಯಾಯ, ಅಂದರೆ 182ರಿಂದ 238ರವರೆಗಿನ ಕಲಮುಗಳು, ಪೂರ್ತಿ ಇಂಥ ಸಂಬಂಧದ ಬಗ್ಗೆಯೇ. ಒಪ್ಪಿಸಿದವನು ಧಣಿ, ಅವನ ಪರ ನಡೆದುಕೊಳ್ಳುವವನು ಏಜೆಂಟ್.

ಇದರಲ್ಲಿ ರೈತನಿಗೆ ಉಪಯೋಗ ಏನು? ಏಜೆಂಟ್ ಕೇಳಿದಾಗ ಲೆಕ್ಕ ಕೊಡಲೇಬೇಕು (213). ಬಂದ ಹಣವನ್ನು, ತನಗೆ ನ್ಯಾಯವಾಗಿ ಸಲ್ಲುವುದನ್ನು ಮುರಿದುಕೊಂಡು, ಧಣಿಗೆ ಒಪ್ಪಿಸಬೇಕು (218). ರೈತನಿಗೆ ಹೇಳದೆ ತಾನೇ ಬೇರೆಯವರ ಹೆಸರಲ್ಲಿ ಕಡಿಮೆ ಬೆಲೆಗೆ ಕೊಂಡು ಅದನ್ನು ಮುಚ್ಚಿಟ್ಟಿದ್ದರೆ, ರೈತ ಆ ವ್ಯವಹಾರವನ್ನೇ ತಳ್ಳಿಹಾಕಬಹುದು (215). ಅದರಲ್ಲಿ ಏಜೆಂಟ್ ಮಾಡಿಕೊಂಡ ಲಾಭವನ್ನೂ ಕೇಳಬಹುದು (216). ಇನ್ನು ಕರ್ನಾಟಕದ ಎಪಿಎಂಸಿ ಕಾನೂನಿನ ಪ್ರಕಾರ ಕಮಿಷನ್ ಕೊಡಬೇಕಾದವನು ಕೊಳ್ಳುವವನು, ರೈತನಲ್ಲ. ಬಿಳಿ ಚೀಟಿಯಲ್ಲಿ ಕಮಿಷನ್ ಮುರಿದು ಕೊಟ್ಟರೆ ಸುಮ್ಮನೆ ಜೇಬಿಗೆ ಹಾಕಿಕೊಳ್ಳಬೇಡಿ, ಅಧಿಕೃತ ಬಿಲ್ಲು ಕೇಳಿ.

ಧಣಿಗೂ ಹೊಣೆ ಇದೆ. ಮೊದಲಿಂದ ನಿಮ್ಮ ಪರ ಮಾರುತ್ತಿದ್ದವರನ್ನು ಬಿಡಿಸಿದಿರಿ ಅಂದುಕೊಳ್ಳಿ. ಆ ಸುದ್ದಿ ಕೊಳ್ಳುವವರಿಗೆ ಮುಟ್ಟುವ ತನಕ ಅವರ ಮಟ್ಟಿಗೆ ಅಧಿಕಾರ ಮುಗಿದಿಲ್ಲ (208). ಆ ನಡುವೆ ಆದ ಮಾರಾಟಕ್ಕೆ ನೀವೇ ಬದ್ಧರು.

ತರೀಕೆರೆಯ ಅಡಿಕೆ

ತರೀಕೆರೆ ಕಡೆ ತೋಟವನ್ನು ಚೇಣಿಗೆ ಕೊಡುತ್ತಾರೆ. ಚೇಣಿದಾರ ಫಸಲಿಗೆ ಮಾತಾಡಿಕೊಂಡು, ತಾನೇ ಆಳು ಕರೆತಂದು, ಕೊನೆ ಇಳಿಸಿ, ಬೇಯಿಸಿ, ಒಣಗಿಸಿ ಮಾರುತ್ತಾನೆ. ರೇಟು ಏರಿದರೆ ಲಾಭ ಅವನದು, ಮಳೆಗೆ ಅಡಿಕೆ ಹಾಳಾದರೆ ನಷ್ಟವೂ ಅವನದೇ. ಇವನು ತೋಟದವರ ಏಜೆಂಟೂ ಅಲ್ಲ, ಕೆಲಸಗಾರನೂ ಅಲ್ಲ. ತನ್ನ ವ್ಯಾಪಾರಕ್ಕೆ ತಾನೇ ಧಣಿ. ಲಾಭನಷ್ಟ ಯಾರ ತಲೆ ಮೇಲೆ ಅನ್ನುವುದೇ ಇಲ್ಲಿ ಗುರುತು.

ಕಡೂರಿನ ತೆಂಗು

ಕಾಯಿ ಸುಲಿಯುವವರಿಗೆ ಕಾಯಿ ಲೆಕ್ಕದಲ್ಲಿ ಕೂಲಿ. ಒಬ್ಬರು ತಮ್ಮದೇ ಸಲಕರಣೆ ತಂದು, ಇವತ್ತು ಈ ತೋಟ, ನಾಳೆ ಆ ತೋಟ ಅಂತ ತಿರುಗುತ್ತಾರೆ. ಇನ್ನೊಬ್ಬರು ವರ್ಷವಿಡೀ ಒಬ್ಬ ವ್ಯಾಪಾರಿಯ ಶೆಡ್ಡಿನಲ್ಲೇ, ಅವರು ಹೇಳಿದ ಹೊತ್ತಿಗೆ ಬಂದು ಸುಲಿಯುತ್ತಾರೆ. ಕೂಲಿಯ ರೀತಿ ಒಂದೇ. ಆದರೆ ಎರಡನೆಯವರು ಕಾನೂನಿನ ಕಣ್ಣಲ್ಲಿ ಕೆಲಸಗಾರರು ಎನಿಸುವ ಸಾಧ್ಯತೆ ಹೆಚ್ಚು.

ಕೋರ್ಟು ಏನು ನೋಡುತ್ತದೆ?

ಧ್ರಾಂಗಧ್ರಾ ಕೆಮಿಕಲ್ ವರ್ಕ್ಸ್ ಪ್ರಕರಣದಲ್ಲಿ ಉಪ್ಪು ತೆಗೆಯುವ ಅಗರಿಯಾಗಳಿಗೆ ಸಿಗುತ್ತಿದ್ದುದು ಉಪ್ಪಿನ ತೂಕದ ಲೆಕ್ಕದಲ್ಲಿ ಹಣ. ಸಹಾಯಕ್ಕೆ ಬೇರೆಯವರನ್ನೂ ಕರೆದುಕೊಳ್ಳುತ್ತಿದ್ದರು. ಆದರೂ ಅವರು ಕೆಲಸಗಾರರೇ ಎಂದು ಸುಪ್ರೀಂ ಕೋರ್ಟ್ ಒಪ್ಪಿತು. ಏನು ಮಾಡಬೇಕು ಎಂಬುದಷ್ಟೇ ಅಲ್ಲ, ಹೇಗೆ ಮಾಡಬೇಕು ಎಂದು ಹೇಳುವ ಹಕ್ಕು ಯಾರಿಗಿದೆ ಎಂಬುದು ಅಲ್ಲಿ ಮುಖ್ಯವಾಗಿತ್ತು. 1973ರ ಸಿಲ್ವರ್ ಜೂಬಿಲಿ ಟೈಲರಿಂಗ್ ಹೌಸ್ ತೀರ್ಪು ಇನ್ನೂ ಮುಂದೆ ಹೋಯಿತು. ಟೈಲರುಗಳಿಗೆ ಪೀಸ್ ಲೆಕ್ಕ, ಇಡೀ ದಿನ ಕೂರಬೇಕೆಂದೂ ಇರಲಿಲ್ಲ. ಆದರೆ ಮೆಷಿನ್ ಅಂಗಡಿಯದು, ಹೊಲಿಗೆ ಸರಿಯಿಲ್ಲದಿದ್ದರೆ ವಾಪಸ್ ಕೊಟ್ಟು ಮತ್ತೆ ಹೊಲಿಸುವ ಹಕ್ಕೂ ಅಂಗಡಿಯದು. ಹಾಗಾಗಿ ಅವರೂ ನೌಕರರೇ. ಯಾವ ಒಂದು ಪರೀಕ್ಷೆಯೂ ಸಾಲದು, ಎಲ್ಲವನ್ನೂ ಸೇರಿಸಿ ತೂಗಬೇಕು ಎಂಬುದು ಈ ತೀರ್ಪುಗಳ ಸಾರ. ಕಾಗದದ ಮೇಲೆ ಏನು ಹೆಸರಿದೆ ಎಂಬುದೇ ಕೊನೆಯ ಮಾತಲ್ಲ.

ಆ್ಯಪ್ ಕೆಲಸ ಇವೆರಡರ ನಡುವೆ ನಿಂತಿದೆ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ, ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಮಟ್ಟಿಗೆ ಓಲಾ ಚಾಲಕರನ್ನು ನೌಕರರೆಂದೇ ಪರಿಗಣಿಸಬೇಕು ಎಂದಿತು. ಮುಂದಿನ ತಿಂಗಳೇ ವಿಭಾಗೀಯ ಪೀಠ ಅದಕ್ಕೆ ತಡೆ ಕೊಟ್ಟಿತು. 2025ರಲ್ಲಿ ಬಂದ ಕರ್ನಾಟಕದ ಗಿಗ್ ಕಾರ್ಮಿಕರ ಕಾಯ್ದೆ ಅವರನ್ನು ನೌಕರರು ಅನ್ನುವುದಿಲ್ಲ. ಆದರೆ ಪ್ರತಿ ಪಾವತಿಯ ಮೇಲೆ ಶೇ. 1ರಿಂದ 5ರಷ್ಟು ಶುಲ್ಕವನ್ನು ಕಂಪನಿಯಿಂದ ಕಲ್ಯಾಣ ನಿಧಿಗೆ ಪಡೆಯುತ್ತದೆ. ಕೆಲಸದಿಂದ ತೆಗೆಯಲು ಲಿಖಿತ ಕಾರಣ ಮತ್ತು 14 ದಿನದ ನೋಟಿಸ್ ಬೇಕು ಅನ್ನುತ್ತದೆ.

ಸಹಿಗೆ ಮೊದಲು

ಪ್ಲೇಸ್‌ಮೆಂಟ್ ಸಮಯ ಬಂತು. ಆಫರ್ ಲೆಟರಿನಲ್ಲಿ "ಕನ್ಸಲ್ಟೆಂಟ್", "ಪಾರ್ಟ್ನರ್", "ಫ್ರೀಲಾನ್ಸರ್" ಅಂತಿದ್ದರೆ ಈ ಪ್ರಶ್ನೆ ಹಾಕಿಕೊಳ್ಳಿ. ಪಿಎಫ್ ಇದೆಯಾ? ಸಂಬಳದ ಚೀಟಿ ಕೊಡ್ತಾರಾ, ಇಲ್ಲಾ ನಾವೇ ಇನ್ವಾಯ್ಸ್ ಕಳಿಸಬೇಕಾ? ರಜೆಗೆ ಅನುಮತಿ ಬೇಕಾ? ಬೇರೆ ಕಡೆ ಕೆಲಸ ಮಾಡಬಹುದಾ? ಲ್ಯಾಪ್‌ಟಾಪ್ ಯಾರದು? ಅಪಘಾತವಾದರೆ ಖರ್ಚು ಯಾರದು? ನಮ್ಮಿಂದ ಬೇರೆಯವರಿಗೆ ಪೆಟ್ಟಾದರೆ? ನೌಕರ ಕೆಲಸದ ಮೇಲಿದ್ದಾಗ ಮಾಡಿದ ತಪ್ಪಿಗೆ ಕಂಪನಿಯೂ ಹೊಣೆ, ಸ್ವತಂತ್ರ ಗುತ್ತಿಗೆದಾರನಾದರೆ ಸಾಮಾನ್ಯವಾಗಿ ಅಲ್ಲ. ಸಂಬಳದ ಅಂಕಿಗಿಂತ ಇದು ಸಣ್ಣ ವಿಷಯವೇನಲ್ಲ.

ನಮ್ಮ ಸೀನಿಯರ್ ಬೆಳಿಗ್ಗೆ ಒಂಬತ್ತಕ್ಕೆ ಆ್ಯಪಿನಲ್ಲಿ ಹಾಜರಿ ಹಾಕಬೇಕಿತ್ತು. ಯಾವ ಊರಿಗೆ ಯಾವ ದಾರಿಯಲ್ಲಿ ಹೋಗಬೇಕೆಂದು ಮ್ಯಾನೇಜರ್ ಹೇಳುತ್ತಿದ್ದರು. ರಜೆ ಕೇಳಿದ ಮೆಸೇಜುಗಳೆಲ್ಲ ಫೋನಿನಲ್ಲೇ ಇವೆ. ಅವನ್ನೆಲ್ಲ ಪ್ರಿಂಟ್ ಹಾಕಿಸಿ ಕಾರ್ಮಿಕ ಇಲಾಖೆಯ ಕಚೇರಿಗೆ ಅರ್ಜಿ ಕೊಟ್ಟಿದ್ದಾರೆ. ವಕೀಲರಿಗೆ ದುಡ್ಡಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬಹುದು, ಸಹಾಯವಾಣಿ 15100. ಅವರ ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಮೆಸೇಜು ಅಳಿಸದೆ ಇಟ್ಟುಕೊಂಡಿದ್ದಕ್ಕೇ ಅರ್ಜಿಗೆ ಬಲ ಬಂದಿದೆ. ನೀವೂ ಅಳಿಸಬೇಡಿ.